ಚದುರಂಗದ ಹಲಗೆಯೂ ಇಪ್ಪತ್ತು ಅಂಕಿಗಳ ಒಂದು ಸಂಖ್ಯೆಯೂ



ಕೆಳಗಿನ ಸಂಖ್ಯೆಯನ್ನು ಒಮ್ಮೆ ಸಾವಕಾಶವಾಗಿ ನೋಡಿರಿ.

18446744073709551615

ಇದರಲ್ಲಿ ಇಪ್ಪತ್ತು ಅಂಕಿಗಳಿವೆ. ಇಷ್ಟು ದೊಡ್ಡ ಸಂಖ್ಯೆಯನ್ನು ಕಂಡ ಕೂಡಲೇ ನಮ್ಮಲ್ಲಿ ಅನೇಕರು 'ಇದು ನಮ್ಮ ಕೈಗೆಟಕುವುದಲ್ಲ' ಎಂದು ಪುಟ ಮಗುಚುತ್ತಾರೆ. ಆದರೆ ಇದರ ಗುಣಗಳನ್ನು ತಿಳಿಯಲು ಯಂತ್ರವೇನೂ ಬೇಕಿಲ್ಲ. ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ ಕಲಿಯುವ ಒಂದು ಬೀಜಗಣಿತದ ಸೂತ್ರ, ಒಂದು ಪೆನ್ಸಿಲು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಈ ಸಂಖ್ಯೆಯ ಒಳಗೆ ಒಂದು ದೊಡ್ಡ ಪಾಠವೂ ಅಡಗಿದೆ. ಜಗತ್ತಿನ ಶ್ರೇಷ್ಠ ಗಣಿತಜ್ಞನೊಬ್ಬನ ನಂಬಿಕೆಯನ್ನು ಇದರ ಒಂದು ಅಪವರ್ತನ ಸುಳ್ಳು ಮಾಡಿತು. ಆ ಕಥೆಯನ್ನೂ, ಅದರ ಹಿಂದಿನ ಲೆಕ್ಕವನ್ನೂ ಈ ಲೇಖನದಲ್ಲಿ ಹಂತಹಂತವಾಗಿ ನೋಡೋಣ.

ಸಂಖ್ಯೆ ಎಲ್ಲಿಂದ ಬಂತು?

ಚದುರಂಗದ ಕಥೆ ನಿಮಗೆಲ್ಲ ಗೊತ್ತಿರಬಹುದು. ಆಟವನ್ನು ಕಂಡುಹಿಡಿದ ಜಾಣನಿಗೆ ರಾಜನು 'ಬೇಕಾದುದನ್ನು ಕೇಳು' ಎಂದನಂತೆ. ಅವನು ಕೇಳಿದ್ದು ಇಷ್ಟೇ: ಹಲಗೆಯ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿಯೊಂದು ಮನೆಗೂ ಹಿಂದಿನದರ ಇಮ್ಮಡಿ. ಹದಿಮೂರನೆಯ ಶತಮಾನದ ಅರಬ್ಬೀ ಲೇಖಕ ಇಬ್ನ್ ಖಲ್ಲಿಕಾನ್ ಈ ಕಥೆಯನ್ನು ಬರೆದಿಟ್ಟಿದ್ದಾನೆ. ಅವನಿಗಿಂತ ಮೊದಲೇ, ಸುಮಾರು ಕ್ರಿ. ಶ. 1000ದಲ್ಲಿ, ಅಲ್ ಬಿರೂನಿಯು ಈ ಕಾಳುಗಳ ಒಟ್ಟು ಮೊತ್ತವನ್ನು ಲೆಕ್ಕ ಹಾಕಿದ್ದನು. ಕಥೆ ನಡೆದದ್ದೋ ಕಟ್ಟಿದ್ದೋ, ಲೆಕ್ಕವಂತೂ ನಿಜ.

ಮೊತ್ತವನ್ನು 'ಮೊ' ಎಂದು ಕರೆಯೋಣ.

ಮೊ = 1 + 2 + 4 + 8 + … + 2⁶³

ಎರಡೂ ಕಡೆ ಎರಡರಿಂದ ಗುಣಿಸಿದರೆ

2ಮೊ = 2 + 4 + 8 + … + 2⁶³ + 2⁶⁴

ಎರಡನೆಯ ಸಾಲಿನಿಂದ ಮೊದಲನೆಯ ಸಾಲನ್ನು ಕಳೆಯಿರಿ. ನಡುವಿನ ಪದಗಳೆಲ್ಲ ಒಂದನ್ನೊಂದು ನುಂಗಿ ಹೋಗುತ್ತವೆ. ಉಳಿಯುವುದು ಮೊ = 2⁶⁴ − 1. ಇದೇ ನಮ್ಮ ಸಂಖ್ಯೆ.

ಇನ್ನು 2⁶⁴ರ ಬೆಲೆ ತಿಳಿಯಲು ಎರಡನ್ನು ಅರವತ್ತನಾಲ್ಕು ಸಲ ಬರೆದು ಗುಣಿಸಬೇಕೇ? ಬೇಕಿಲ್ಲ. ಎರಡನ್ನು ವರ್ಗ ಮಾಡಿದರೆ 4; ಅದರ ವರ್ಗ 16; ಅದರ ವರ್ಗ 256; ಅದರ ವರ್ಗ 65536; ಅದರ ವರ್ಗ 4294967296; ಅದರ ವರ್ಗ 18446744073709551616. ಆರೇ ಆರು ಗುಣಾಕಾರಗಳು! ಹೀಗೆ ವರ್ಗ ಮಾಡುತ್ತ ಎರಡರ ಘಾತಗಳನ್ನು ಬೇಗನೆ ಪಡೆಯುವ ಉಪಾಯ ನಮ್ಮ ದೇಶದಲ್ಲಿ ಬಹಳ ಹಳೆಯದು. ಪಿಂಗಳನ ಛಂದಃಸೂತ್ರದಲ್ಲಿಯೇ ಅದು ಇದೆ. ಒಂದೊಂದು ಅಕ್ಷರವೂ ಲಘು ಇಲ್ಲವೆ ಗುರು ಆಗಬಹುದಾದ್ದರಿಂದ ಮೂರು ಅಕ್ಷರಗಳಿಂದ 2³ = 8 ಗಣಗಳಾಗುವುದನ್ನು ಕನ್ನಡ ಪಾಠದಲ್ಲಿ ನೀವು ಕಲಿತಿದ್ದೀರಿ. ಅದೇ ರೀತಿ ಅರವತ್ತನಾಲ್ಕು ಅಕ್ಷರಗಳನ್ನು ಲಘು ಗುರುಗಳಾಗಿ ಜೋಡಿಸುವ ಬಗೆಗಳು 2⁶⁴. ಛಂದಸ್ಸು ಬೇರೆ, ಗಣಿತ ಬೇರೆ ಎಂದು ತಿಳಿದವರು ಇದನ್ನು ನೆನಪಿಡಬೇಕು.

ಓದುವುದು ಹೇಗೆ?

ಸ್ಥಾನಗಳನ್ನು ವಿಂಗಡಿಸಿ ಬರೆದರೆ ನಮ್ಮ ಸಂಖ್ಯೆ 1,84,46,74,40,73,70,95,51,615 ಎಂದಾಗುತ್ತದೆ. ಕೋಟಿಯ ಲೆಕ್ಕದಲ್ಲಿ ಓದುವುದಾದರೆ ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು.

ಭಾಸ್ಕರಾಚಾರ್ಯರು 1150ರ ಲೀಲಾವತಿಯಲ್ಲಿ ಏಕ, ದಶ, ಶತ ಎಂದು ಮೊದಲುಗೊಂಡು ಪರಾರ್ಧದವರೆಗೆ ಹದಿನೆಂಟು ಸ್ಥಾನಗಳಿಗೆ ಹೆಸರು ಹೇಳಿದ್ದಾರೆ. ನಮ್ಮ ಸಂಖ್ಯೆಗೆ ಅದು ಸಾಲದು. 184 ಪರಾರ್ಧಗಳಾದ ಮೇಲೂ ಅದು ಮಿಕ್ಕಿರುತ್ತದೆ. ಆದರೆ ಲೀಲಾವತಿಗಿಂತ ಮುನ್ನೂರು ವರ್ಷಗಳ ಹಿಂದೆಯೇ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹ ಎಂಬ ಸಂಸ್ಕೃತ ಗ್ರಂಥದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ್ದರು. ಅವರ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನಕ್ಕೆ ಮಹಾಶಂಖ, ಹತ್ತೊಂಬತ್ತನೆಯದಕ್ಕೆ ಶಂಖ, ಹದಿನೆಂಟನೆಯದಕ್ಕೆ ಮಹಾಕ್ಷೋಣಿ, ಹದಿನೇಳನೆಯದಕ್ಕೆ ಕ್ಷೋಣಿ. ಆದುದರಿಂದ ನಮ್ಮ ಸಂಖ್ಯೆ ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ ಎಂದು ಮೊದಲಾಗುತ್ತದೆ. ದೊಡ್ಡ ಸಂಖ್ಯೆಗಳಿಗೆ ನಮ್ಮಲ್ಲಿ ಹೆಸರಿಲ್ಲವೆನ್ನುವವರು ಈ ಪಟ್ಟಿಯನ್ನು ನೋಡಬೇಕು.

ಕನ್ನಡ ತೆಲುಗುಗಳೆರಡೂ ಬೆರೆತ ನಮ್ಮ ಸೀಮೆಯವರಿಗೆ ಸಂತೋಷ ಕೊಡುವ ಇನ್ನೊಂದು ಸಂಗತಿ ಇದೆ. ಮಹಾವೀರಾಚಾರ್ಯರ ಈ ಗ್ರಂಥವನ್ನು ತೆಲುಗಿಗೆ ತಂದವನು ಪಾವುಲೂರಿ ಮಲ್ಲನ. ಇವನದೆಂದು ಹೇಳುವ ಒಂದು ತೆಲುಗು ಪದ್ಯದಲ್ಲಿ ಚದುರಂಗದ ಮನೆಗಳನ್ನು ಇಮ್ಮಡಿಸಿದಾಗ ಬರುವ ಇದೇ ಇಪ್ಪತ್ತು ಅಂಕಿಗಳನ್ನು ಮಾತುಗಳಲ್ಲಿ ಅಡಗಿಸಿದೆ. ಚಂದ್ರನೆಂದರೆ ಒಂದು, ವೇದವೆಂದರೆ ನಾಲ್ಕು, ಬಾಣವೆಂದರೆ ಐದು, ಗಿರಿ ಎಂದರೆ ಏಳು, ಆನೆ ಎಂದರೆ ಎಂಟು, ಆಕಾಶವೆಂದರೆ ಸೊನ್ನೆ. ಅಂಕಿಗಳು ಎಡಕ್ಕೆ ನಡೆಯುತ್ತವೆ ಎಂಬ ಹಳೆಯ ನಿಯಮದಂತೆ ಬಿಡಿ ಸ್ಥಾನದಿಂದ ಆರಂಭಿಸಿ ಹಿಂದಕ್ಕೆ ಓದಬೇಕು. ಮೊದಲನೆಯ ಮಾತು ಬಾಣ, ಅಂದರೆ ಬಿಡಿ ಸ್ಥಾನದ ಐದು. ಕೊನೆಯ ಮಾತು ಚಂದ್ರ, ಅಂದರೆ ಎಲ್ಲಕ್ಕೂ ಎಡಗಡೆಯ ಒಂದು. ಪದ್ಯ ಬಾಯಿಪಾಠವಾದರೆ ಸಂಖ್ಯೆಯೂ ಬಾಯಿಪಾಠ!

ಎಷ್ಟು ದೊಡ್ಡದು?

ಒಂದು ಗ್ರಾಮಿಗೆ ಸುಮಾರು ನಲವತ್ತು ಅಕ್ಕಿಕಾಳು ತೂಗುತ್ತವೆ ಎಂದಿಟ್ಟುಕೊಳ್ಳಿ. ಮೊದಲ ಸಾಲಿನ ಎಂಟು ಮನೆಗಳಿಗೆ ಬೇಕಾದದ್ದು 255 ಕಾಳು. ಒಂದು ಹಿಡಿಯೂ ಆಗಲಿಲ್ಲ. ಅರ್ಧ ಹಲಗೆ, ಎಂದರೆ ಮೂವತ್ತೆರಡು ಮನೆ ಮುಗಿದಾಗ 4294967295 ಕಾಳು, ಸುಮಾರು 107 ಟನ್ನು. ಹತ್ತು ಟನ್ನು ಹೊರುವ ಹನ್ನೊಂದು ಲಾರಿಗಳಲ್ಲಿ ಅದು ಹಿಡಿಯುತ್ತದೆ. ಇಲ್ಲಿಯವರೆಗೆ ರಾಜನಿಗೆ ಭಯವೇನಿಲ್ಲ. ಪೂರ್ಣ ಹಲಗೆಗೆ ಬೇಕಾದದ್ದು ಸುಮಾರು 46,000 ಕೋಟಿ ಟನ್ನು. ಇಂದು ಇಡೀ ಜಗತ್ತು ಒಂದು ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿಗಿಂತ ತುಸು ಹೆಚ್ಚು. ಅಂದರೆ ಯಾರೂ ಒಂದು ತುತ್ತನ್ನೂ ಉಣ್ಣದೆ ಕೂಡಿಟ್ಟರೂ ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಮೊದಲರ್ಧಕ್ಕೆ ಹನ್ನೊಂದು ಲಾರಿ, ಎರಡನೆಯರ್ಧಕ್ಕೆ ನೂರಾರು ವರ್ಷಗಳ ಫಸಲು. ಇದೇ ಇಮ್ಮಡಿಸುವಿಕೆಯ ಶಕ್ತಿ.

ಭಾಗಿಸದೆ ತಿಳಿಯುವ ಗುಣಗಳು

ಎರಡರ ಘಾತಗಳ ಬಿಡಿ ಅಂಕಿಗಳು 2, 4, 8, 6 ಎಂದು ನಾಲ್ಕು ನಾಲ್ಕಕ್ಕೆ ಮರುಕಳಿಸುತ್ತವೆ. 64 ನಾಲ್ಕರ ಅಪವರ್ತ್ಯ. ಆದ್ದರಿಂದ 2⁶⁴ರ ಬಿಡಿ ಅಂಕಿ 6. ಅದರಲ್ಲಿ ಒಂದನ್ನು ಕಳೆದರೆ 5. ಹಾಗಾಗಿ ನಮ್ಮ ಸಂಖ್ಯೆ 5ರಿಂದ ಭಾಗವಾಗುತ್ತದೆ. ಕೊನೆಯ ಎರಡು ಅಂಕಿ 15 ಆದುದರಿಂದ 25ರಿಂದ ಭಾಗವಾಗದು. ಇಪ್ಪತ್ತು ಅಂಕಿಗಳನ್ನೂ ಕೂಡಿದರೆ 87 ಬರುತ್ತದೆ. 87 ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಆಗುವುದಿಲ್ಲ. ನಮ್ಮ ಸಂಖ್ಯೆಯೂ ಹಾಗೆಯೇ. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಕೂಡುತ್ತ ಕಳೆಯುತ್ತ ಹೋದರೆ 37 ಸಿಗುತ್ತದೆ. 37ನ್ನು 11ರಿಂದ ಭಾಗಿಸಿದರೆ ಶೇಷ 4. ಆದುದರಿಂದ ನಮ್ಮ ಸಂಖ್ಯೆ 11ರಿಂದ ಭಾಗವಾಗುವುದಿಲ್ಲ. ಇಷ್ಟೆಲ್ಲವನ್ನೂ ಒಂದು ಭಾಗಾಕಾರವನ್ನೂ ಮಾಡದೆ ತಿಳಿದೆವು.

ಹಲಗೆಯನ್ನು ಮಡಿಚುವುದು

ಈಗ ಸಂಖ್ಯೆಯನ್ನು ಪೂರ್ತಿಯಾಗಿ ಬಿಡಿಸೋಣ. ಚದುರಂಗದ ಹಲಗೆಯನ್ನು ನಡುವೆ ಅಡ್ಡಲಾಗಿ ಮಡಿಚಿದಂತೆ ಕಲ್ಪಿಸಿಕೊಳ್ಳಿ. ಎರಡನೆಯ ಅರ್ಧದ ಪ್ರತಿಯೊಂದು ಮನೆಯಲ್ಲಿಯೂ ಮೊದಲರ್ಧದ ಅದೇ ಸ್ಥಾನದ ಮನೆಯ 2³² ಪಟ್ಟು ಕಾಳುಗಳಿವೆ. ಆದ್ದರಿಂದ ಒಟ್ಟು ಮೊತ್ತ ಮೊದಲರ್ಧದ (2³² + 1) ಪಟ್ಟು. ನೀವು ಕಲಿತ

ಅ² − ಬ² = (ಅ + ಬ)(ಅ − ಬ)

ಎಂಬ ಸೂತ್ರವೂ ಇದನ್ನೇ ಹೇಳುತ್ತದೆ:

2⁶⁴ − 1 = (2³² + 1)(2³² − 1)

ಉಳಿದ ಅರ್ಧವನ್ನು ಮತ್ತೆ ಮಡಿಚಿರಿ. ಎರಡು ಸಾಲು, ಒಂದು ಸಾಲು, ನಾಲ್ಕು ಮನೆ, ಎರಡು ಮನೆ, ಕೊನೆಗೆ ಒಂದು ಮನೆ. ಪ್ರತಿ ಮಡಿಕೆಯಲ್ಲಿಯೂ ಒಂದು ಅಪವರ್ತನ ಕಳಚಿಕೊಳ್ಳುತ್ತದೆ.

2⁶⁴ − 1 = (2³² + 1)(2¹⁶ + 1)(2⁸ + 1)(2⁴ + 1)(2² + 1)(2 + 1)

ಬೆಲೆ ಹಾಕಿದರೆ

18446744073709551615 = 4294967297 × 65537 × 257 × 17 × 5 × 3

ಇಪ್ಪತ್ತು ಅಂಕಿಗಳ ಸಂಖ್ಯೆ ಆರು ಮಡಿಕೆಗಳಲ್ಲಿ ಆರು ತುಂಡಾಯಿತು. ಈ ಆರು ಸಂಖ್ಯೆಗಳಲ್ಲಿ ಒಂದು ಚೆಲುವಾದ ಕ್ರಮವಿದೆ. 3ಕ್ಕೆ 2 ಕೂಡಿದರೆ 5. 3 × 5ಕ್ಕೆ 2 ಕೂಡಿದರೆ 17. 3 × 5 × 17ಕ್ಕೆ 2 ಕೂಡಿದರೆ 257. ಹೀಗೆ ಹಿಂದಿನವೆಲ್ಲದರ ಗುಣಲಬ್ಧಕ್ಕೆ ಎರಡು ಸೇರಿಸಿದರೆ ಮುಂದಿನದು ಬರುತ್ತದೆ. ಆದ್ದರಿಂದ ಇವುಗಳಲ್ಲಿ ಯಾವ ಎರಡಕ್ಕೂ ಸಮಾನವಾದ ಅಪವರ್ತನವಿದ್ದರೆ ಅದು 2ನ್ನೂ ಭಾಗಿಸಬೇಕು. ಆದರೆ ಇವೆಲ್ಲ ಬೆಸ ಸಂಖ್ಯೆಗಳು. ಹಾಗಾಗಿ ಒಂದನ್ನು ಬಿಟ್ಟು ಬೇರೆ ಸಮಾನ ಅಪವರ್ತನವೇ ಇಲ್ಲ. ಈ ಸರಣಿ ಮುಗಿಯುವುದಿಲ್ಲ. ಪ್ರತಿಯೊಂದು ಹೊಸ ಸಂಖ್ಯೆಯೂ ಹೊಸ ಅವಿಭಾಜ್ಯವೊಂದನ್ನಾದರೂ ತರಲೇಬೇಕು. ಆದುದರಿಂದ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂಬುದೂ ಇಲ್ಲಿಯೇ ಸಿದ್ಧವಾಯಿತು.

ಫರ್ಮಾನ ನಂಬಿಕೆ

ಈ ಸಂಖ್ಯೆಗಳನ್ನು ಮೊದಲು ಹುಡುಕಾಡಿದವನು ಫ್ರಾನ್ಸ್ ದೇಶದ ಪಿಯರ್ ದ ಫರ್ಮಾ. ಅವನು ತೂಲೂಸ್ ನಗರದಲ್ಲಿ ನ್ಯಾಯಾಧಿಕಾರಿಯಾಗಿದ್ದವನು. ಬಿಡುವಿನ ವೇಳೆಯಲ್ಲಿ ಗಣಿತ ಮಾಡುತ್ತಿದ್ದನು. 3, 5, 17, 257, 65537 ಇವೆಲ್ಲವೂ ಅವಿಭಾಜ್ಯವೆಂದು ಕಂಡು, ಇದೇ ರೀತಿಯ ಮುಂದಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಇರಬೇಕೆಂದು 1640ರಲ್ಲಿ ಗೆಳೆಯನಿಗೆ ಪತ್ರ ಬರೆದನು. ತನಗೆ ಅದರ ಸಾಧನೆ ದೊರೆತಿಲ್ಲವೆಂದೂ ಅವನೇ ಹೇಳಿದನು. ಐದು ಉದಾಹರಣೆಗಳು ಸರಿಯಾಗಿದ್ದವು. ಹೇಳಿದವನು ದೊಡ್ಡವನು. ತೊಂಬತ್ತು ವರ್ಷಗಳ ಕಾಲ ಆ ಮಾತನ್ನು ಯಾರೂ ಮುರಿಯಲಿಲ್ಲ.

ಆರನೆಯ ಸಂಖ್ಯೆ 4294967297 ಅವಿಭಾಜ್ಯವೇ ಎಂದು ಪರೀಕ್ಷಿಸಬೇಕಾದರೆ ಅದರ ವರ್ಗಮೂಲದವರೆಗಿನ, ಎಂದರೆ 65536ರವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಅಂಥವು ಆರು ಸಾವಿರದ ಐನೂರಕ್ಕೂ ಹೆಚ್ಚು. ಯಾರು ತಾನೇ ಅಷ್ಟು ಭಾಗಾಕಾರ ಮಾಡಿಯಾರು?

ಆಯ್ಲರನ ಜಾಣ್ಮೆ

1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಕ್ ಎಂಬ ಗಣಿತಜ್ಞನು ಫರ್ಮಾನ ಮಾತನ್ನು ಲಿಯೊನಾರ್ಡ್ ಆಯ್ಲರನ ಗಮನಕ್ಕೆ ತಂದನು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1707ರಲ್ಲಿ ಹುಟ್ಟಿದ ಆಯ್ಲರ್ ಆಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದನು. 1732ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಅವನು 4294967297 ಅವಿಭಾಜ್ಯವಲ್ಲವೆಂದೂ 641 ಅದನ್ನು ಭಾಗಿಸುವುದೆಂದೂ ತೋರಿಸಿಕೊಟ್ಟನು. ಆರು ಸಾವಿರ ಭಾಗಾಕಾರಗಳ ದಾರಿಯನ್ನು ಐದು ಭಾಗಾಕಾರಗಳಿಗೆ ಇಳಿಸುವುದು ಹೇಗೆಂದು ನೋಡೋಣ.

2, 4, 8, 16, 32 … ಈ ಘಾತಗಳನ್ನು 17ರಿಂದ ಭಾಗಿಸುತ್ತ ಶೇಷಗಳನ್ನು ಬರೆಯಿರಿ: 2, 4, 8, 16, 15, 13, 9, 1. ಶೇಷ 1 ಬಂದ ಮೇಲೆ ಮತ್ತೆ 2, 4, 8 ಎಂದು ಅದೇ ಸಾಲು. ಇಲ್ಲಿ ಚಕ್ರದ ಉದ್ದ 8. ಯಾವ ಬೆಸ ಅವಿಭಾಜ್ಯದಿಂದ ಭಾಗಿಸಿದರೂ ಹೀಗೊಂದು ಚಕ್ರ ಬರುತ್ತದೆ. ಆ ಚಕ್ರದ ಉದ್ದ, ಅವಿಭಾಜ್ಯದಲ್ಲಿ ಒಂದು ಕಳೆದರೆ ಬರುವ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ. 17 − 1 = 16; 16ನ್ನು 8 ಭಾಗಿಸುತ್ತದೆ. ಇದು ಫರ್ಮಾನೇ 1640ರಲ್ಲಿ ಹೇಳಿದ ಇನ್ನೊಂದು ಪ್ರಮೇಯದ ಫಲ. ಆ ಪ್ರಮೇಯ ಮಾತ್ರ ಪೂರ್ತಿ ಸತ್ಯ.

ಈಗ ಒಂದು ಅವಿಭಾಜ್ಯವು 2³² + 1ನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ ಅದರಿಂದ 2³²ನ್ನು ಭಾಗಿಸಿದರೆ ಒಂದು ಕಡಿಮೆ ಬೀಳುತ್ತದೆ, ಎಂದರೆ ಶೇಷ −1. ಅದರ ವರ್ಗವಾದ 2⁶⁴ಕ್ಕೆ ಶೇಷ 1. ಆದ್ದರಿಂದ ಚಕ್ರದ ಉದ್ದ 64ನ್ನು ಭಾಗಿಸಬೇಕು. ಅದು 1, 2, 4, 8, 16, 32, 64 ಇವುಗಳಲ್ಲಿ ಒಂದು. 32 ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ 2³²ಕ್ಕೇ ಶೇಷ 1 ಬರಬೇಕಾಗಿತ್ತು. ಆದರೆ ಬಂದದ್ದು −1. ಹಾಗಾಗಿ ಚಕ್ರದ ಉದ್ದ 64 ಆಗಲೇಬೇಕು. ಅಂದರೆ ನಾವು ಹುಡುಕುವ ಅವಿಭಾಜ್ಯದಲ್ಲಿ ಒಂದು ಕಳೆದರೆ 64ರ ಅಪವರ್ತ್ಯ ಸಿಗಬೇಕು. ಅದು 64ಕ + 1 ಎಂಬ ರೂಪದ್ದು.

ಆ ರೂಪದ ಸಂಖ್ಯೆಗಳು 65, 129, 193, 257, 321, 385, 449, 513, 577, 641 … ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. 4294967297ನ್ನು ಇವುಗಳಿಂದ ಭಾಗಿಸಿರಿ.

193ರಿಂದ ಭಾಗಿಸಿದರೆ ಶೇಷ 109
257ರಿಂದ ಭಾಗಿಸಿದರೆ ಶೇಷ 2
449ರಿಂದ ಭಾಗಿಸಿದರೆ ಶೇಷ 325
577ರಿಂದ ಭಾಗಿಸಿದರೆ ಶೇಷ 288
641ರಿಂದ ಭಾಗಿಸಿದರೆ ಶೇಷ 0

ಐದನೆಯ ಪ್ರಯತ್ನದಲ್ಲಿಯೇ ಕೋಟೆ ಬಿತ್ತು! 4294967297 = 641 × 6700417. ತೊಂಬತ್ತು ವರ್ಷಗಳ ನಂಬಿಕೆಯನ್ನು ಮೂರಂಕಿಯ ಒಂದು ಸಂಖ್ಯೆ ಉರುಳಿಸಿತು. ಫರ್ಮಾನ ಊಹೆಯನ್ನು ಮುರಿಯಲು ನೆರವಾದುದು ಫರ್ಮಾನದೇ ಪ್ರಮೇಯ ಎಂಬುದನ್ನೂ ಗಮನಿಸಿರಿ.

ಭಾಗಾಕಾರ ಮಾಡದೆ ಸಾಧಿಸಬಹುದೇ?

ಮಾಡಬಹುದು. 641ನ್ನು ಎರಡು ರೀತಿಯಲ್ಲಿ ಬರೆಯಬಹುದು: 641 = 640 + 1, ಮತ್ತು 641 = 625 + 16 = 5⁴ + 2⁴. ಇಲ್ಲಿ 640 = 5 × 2⁷.

ಎರಡನೆಯ ರೂಪವನ್ನು 2²⁸ರಿಂದ ಗುಣಿಸಿದರೆ 641 × 2²⁸ = 5⁴ × 2²⁸ + 2³² = 640⁴ + 2³². ಆದ್ದರಿಂದ

2³² + 1 = 641 × 2²⁸ − (640⁴ − 1)

ಬಲಗಡೆಯ ಮೊದಲ ಪದ 641ರಿಂದ ಭಾಗವಾಗುತ್ತದೆ. ಆವರಣದೊಳಗಿನದು (640² + 1)(640 + 1)(640 − 1). ನಡುವಿನ ಅಪವರ್ತನವೇ 641. ಎರಡೂ ಭಾಗವಾದ ಮೇಲೆ ಅವುಗಳ ವ್ಯತ್ಯಾಸವೂ ಭಾಗವಾಗಲೇಬೇಕು. ಹತ್ತನೆಯ ತರಗತಿಯ ಬೀಜಗಣಿತಕ್ಕಿಂತ ಹೆಚ್ಚಿನದು ಇದರಲ್ಲಿ ಏನೂ ಇಲ್ಲ.

ಉಳಿದ ತುಂಡುಗಳ ಪರೀಕ್ಷೆ

6700417 ಇನ್ನೂ ಒಡೆಯುತ್ತದೆಯೇ? ಅದರ ವರ್ಗಮೂಲ 2588ಕ್ಕಿಂತ ತುಸು ಹೆಚ್ಚು. ಅದರ ಅಪವರ್ತನಗಳೂ 64ಕ + 1ರ ರೂಪದಲ್ಲಿಯೇ ಇರಬೇಕು. 641ಕ್ಕಿಂತ ಚಿಕ್ಕವು ಆಗಲೇ ಸೋತಿವೆ. 641ರಿಂದ 2588ರವರೆಗೆ ಈ ರೂಪದ ಅವಿಭಾಜ್ಯಗಳು ಏಳೇ ಏಳು. ಭಾಗಿಸಿದರೆ ಬರುವ ಶೇಷಗಳು ಹೀಗಿವೆ: 641ಕ್ಕೆ 44, 769ಕ್ಕೆ 120, 1153ಕ್ಕೆ 334, 1217ಕ್ಕೆ 832, 1409ಕ್ಕೆ 622, 1601ಕ್ಕೆ 232, 2113ಕ್ಕೆ 94. ಯಾವುದಕ್ಕೂ ಸೊನ್ನೆ ಬರಲಿಲ್ಲ. ಆದ್ದರಿಂದ 6700417 ಅವಿಭಾಜ್ಯ. ರಾಮಾನುಜನ್ ಅವರ ಹೆಸರಿನೊಡನೆ ಪ್ರಸಿದ್ಧವಾದ 1729 ಕೂಡ 64 × 27 + 1 ಆಗಿ ಈ ಸಾಲಿನಲ್ಲಿ ಬರುತ್ತದೆ. ಆದರೆ ಅದು 7 × 13 × 19 ಆದುದರಿಂದ ಅದನ್ನು ಕೈಬಿಡಬೇಕು.

65537ಕ್ಕೂ ಇದೇ ಉಪಾಯ. ಅದು 2¹⁶ + 1 ಆದ್ದರಿಂದ ಅದರ ಅಪವರ್ತನಗಳು 32ಕ + 1ರ ರೂಪದಲ್ಲಿರಬೇಕು. 256ರೊಳಗೆ ಆ ರೂಪದ ಅವಿಭಾಜ್ಯಗಳು 97 ಮತ್ತು 193 ಮಾತ್ರ. ಶೇಷಗಳು 62 ಮತ್ತು 110. ಎರಡು ಭಾಗಾಕಾರಗಳಲ್ಲಿ 65537 ಅವಿಭಾಜ್ಯವೆಂದು ತೀರ್ಮಾನವಾಯಿತು.

ಆದ್ದರಿಂದ ನಮ್ಮ ಸಂಖ್ಯೆಯ ಪೂರ್ಣ ಬಿಡಿಕೆ ಇದು:

18446744073709551615 = 3 × 5 × 17 × 257 × 641 × 65537 × 6700417

ಏಳು ಅವಿಭಾಜ್ಯಗಳು, ಒಂದೊಂದೂ ಒಂದೊಂದೇ ಸಲ. ಇವುಗಳಲ್ಲಿ ಪ್ರತಿಯೊಂದನ್ನೂ ಆರಿಸಬಹುದು ಇಲ್ಲವೆ ಬಿಡಬಹುದು. ಹಾಗಾಗಿ ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 2⁷ = 128. ಮತ್ತೆ ಎರಡರ ಘಾತವೇ ಎದುರಾಯಿತು!

ರೇಖಾಗಣಿತದ ನಂಟು

ಅಳತೆಪಟ್ಟಿ ಮತ್ತು ಕೈವಾರ ಇವೆರಡನ್ನೇ ಬಳಸಿ ಸಮಬಾಹು ತ್ರಿಭುಜವನ್ನೂ ನಿಯಮಿತ ಪಂಚಭುಜವನ್ನೂ ರಚಿಸುವುದು ಗ್ರೀಕರಿಗೆ ಗೊತ್ತಿತ್ತು. 1796ರಲ್ಲಿ ಜರ್ಮನಿಯ ಗೌಸ್, ಹತ್ತೊಂಬತ್ತು ತುಂಬುವ ಮೊದಲೇ, ಹದಿನೇಳು ಭುಜಗಳ ನಿಯಮಿತ ಆಕೃತಿಯನ್ನೂ ಹಾಗೆ ರಚಿಸಬಹುದೆಂದು ಸಾಧಿಸಿದನು. ಫರ್ಮಾನ ಅವಿಭಾಜ್ಯಗಳಿಗೂ ಇಂಥ ಆಕೃತಿಗಳಿಗೂ ಇರುವ ಸಂಬಂಧ ಅವನಿಂದ ಬೆಳಕಿಗೆ ಬಂತು. ಬೇರೆ ಆಕೃತಿಗಳು ಆಗುವುದಿಲ್ಲವೆಂಬುದನ್ನು 1837ರಲ್ಲಿ ವಾಂಟ್ಸೆಲ್ ಸಾಧಿಸಿದನು. ಇಂದು ತಿಳಿದಿರುವ ಫರ್ಮಾ ಅವಿಭಾಜ್ಯಗಳು 3, 5, 17, 257, 65537 ಎಂಬ ಐದೇ. ಇವುಗಳಿಂದ ರಚಿಸಬಹುದಾದ ಬೆಸ ಭುಜಗಳ ಆಕೃತಿಗಳು 31. ಅವುಗಳಲ್ಲಿ ಅತಿ ದೊಡ್ಡದರ ಭುಜಗಳ ಸಂಖ್ಯೆ ಐದರ ಗುಣಲಬ್ಧವಾದ 4294967295. ಅಂದರೆ ಚದುರಂಗದ ಅರ್ಧ ಹಲಗೆಯ ಕಾಳುಗಳೆಷ್ಟೋ ಅಷ್ಟು.

ನಮ್ಮ ಸಂಖ್ಯೆಗೆ ಎರಡು ಕೂಡಿದರೆ ಸರಣಿಯ ಮುಂದಿನ ಸಂಖ್ಯೆ 18446744073709551617 ಸಿಗುತ್ತದೆ. ಅದೂ ಅವಿಭಾಜ್ಯವಲ್ಲ, 1880ರಲ್ಲಿ ಲಾಂಡ್ರಿ ಎಂಬುವನು ಅದನ್ನು 274177 × 67280421310721 ಎಂದು ಬಿಡಿಸಿದನು. 2³² + 1ರಿಂದ ಮೊದಲ್ಗೊಂಡು ಸತತವಾಗಿ ಇಪ್ಪತ್ತೆಂಟು ಫರ್ಮಾ ಸಂಖ್ಯೆಗಳು ಅವಿಭಾಜ್ಯವಲ್ಲವೆಂದು ಇಂದು ಗೊತ್ತಾಗಿದೆ. 65537ರ ಮುಂದೆ ಅವಿಭಾಜ್ಯವಾದ ಫರ್ಮಾ ಸಂಖ್ಯೆ ಒಂದೂ ಈವರೆಗೆ ಸಿಕ್ಕಿಲ್ಲ. ಎಲ್ಲವೂ ಅವಿಭಾಜ್ಯವೆಂದುಕೊಂಡದ್ದು ಎಲ್ಲಿ, ಒಂದೂ ಸಿಗದಿರುವುದು ಎಲ್ಲಿ!

ನಾವು ಕಲಿಯಬೇಕಾದದ್ದು

ಐದು ಉದಾಹರಣೆಗಳು ಸರಿಯಾದರೆ ನಿಯಮ ಸರಿ ಎಂದು ಭಾವಿಸುವುದು ನಮಗೆಲ್ಲ ಸಹಜ. ಪರೀಕ್ಷೆಯಲ್ಲಿ 'ಎರಡು ಮೂರು ಬೆಲೆ ಹಾಕಿ ನೋಡಿದೆ, ಸರಿಬಂತು' ಎಂದು ಬರೆದು ಅಂಕ ಬರಲಿಲ್ಲವೆಂದು ಬೇಸರಪಡುವವರು ಪ್ರತಿ ತರಗತಿಯಲ್ಲಿಯೂ ಇದ್ದಾರೆ. ಅಂಥವರು 4294967297ನ್ನು ನೆನೆಯಬೇಕು. ಉದಾಹರಣೆ ದಾರಿ ತೋರಿಸುತ್ತದೆ. ಊರು ಮುಟ್ಟಿಸುವುದು ಸಾಧನೆ. ಒಂದು ನಿಯಮವನ್ನು ಸ್ಥಾಪಿಸಲು ಸಾವಿರ ಉದಾಹರಣೆಗಳೂ ಸಾಲವು. ಕೆಡವಲು ಒಂದೇ ಸಾಕು.

ಇನ್ನೊಂದು ಮಾತು. ಗಣಿತದಲ್ಲಿ ಹೇಳಿದವನು ಯಾರು, ಯಾವ ಭಾಷೆಯಲ್ಲಿ ಹೇಳಿದ, ಯಾವ ಊರಿನ ಶಾಲೆಯಲ್ಲಿ ಕಲಿತ ಎಂಬ ಪ್ರಶ್ನೆಗಳಿಗೆ ಬೆಲೆಯಿಲ್ಲ. ಫರ್ಮಾನಂಥವನ ಮಾತಾದರೂ ಲೆಕ್ಕಕ್ಕೆ ತಲೆಬಾಗಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಾವು ಮುಂದೆ ಹೇಗೋ ಎಂದು ಅಳುಕುವ ಮಕ್ಕಳು ಗಡಿನಾಡಿನ ನಮ್ಮ ಶಾಲೆಗಳಲ್ಲಿ ಕಡಿಮೆಯಿಲ್ಲ. ಅವರು ಈ ಲೇಖನದ ಒಂದೊಂದು ಭಾಗಾಕಾರವನ್ನೂ ತಮ್ಮ ಕೈಯಿಂದಲೇ ಮಾಡಿ ನೋಡಲಿ. ಆಯ್ಲರನಿಗೆ ಸೊನ್ನೆಯಾದ ಶೇಷ ಅವರಿಗೂ ಸೊನ್ನೆಯೇ ಆಗುತ್ತದೆ. ನಾವು ಬರೆದುದನ್ನು ಕೂಡ ಬರೆದಿದೆಯೆಂಬ ಕಾರಣಕ್ಕೆ ಒಪ್ಪಬೇಡಿರಿ. ಮಾಡಿ ನೋಡಿ ಒಪ್ಪಿರಿ.

ಅಭ್ಯಾಸಕ್ಕೆ

1. ಚದುರಂಗದ ಹಲಗೆಯ ಮೊದಲ ಎರಡು ಸಾಲುಗಳ ಒಟ್ಟು ಕಾಳುಗಳೆಷ್ಟು? ಆ ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಬಿಡಿಸಿರಿ.

2. 6700417ನ್ನು 641ರಿಂದ ಗುಣಿಸಿ ಉತ್ತರವನ್ನು ತಾಳೆ ನೋಡಿರಿ.

3. 2ರ ಘಾತಗಳನ್ನು 7ರಿಂದ ಭಾಗಿಸಿದಾಗ ಬರುವ ಶೇಷಗಳ ಚಕ್ರವನ್ನು ಬರೆದು, ನಮ್ಮ ಸಂಖ್ಯೆಯನ್ನು 7ರಿಂದ ಭಾಗಿಸಿದರೆ ಬರುವ ಶೇಷವನ್ನು ಭಾಗಾಕಾರವಿಲ್ಲದೆ ಹೇಳಿರಿ.

4. 257 ಅವಿಭಾಜ್ಯವೆಂದು ತೋರಿಸಲು ಆಯ್ಲರನ ದಾರಿಯಲ್ಲಿ ಎಷ್ಟು ಭಾಗಾಕಾರಗಳು ಬೇಕು? ಕಾರಣ ಕೊಡಿರಿ.

5. ಚಂದ್ರ, ವೇದ, ಬಾಣ, ಗಿರಿ, ಆನೆ, ಆಕಾಶ ಮುಂತಾದ ಮಾತುಗಳನ್ನು ಬಳಸಿ ನೀವು ಹುಟ್ಟಿದ ವರ್ಷವನ್ನು ಹಳೆಯ ಪದ್ಧತಿಯಂತೆ ಬಿಡಿ ಸ್ಥಾನದಿಂದ ಆರಂಭಿಸಿ ಬರೆಯಿರಿ. ಬೇಕಾದ ಇತರ ಅಂಕಿಗಳ ಮಾತುಗಳನ್ನು ಕನ್ನಡ ಪಂಡಿತರನ್ನು ಕೇಳಿ ತಿಳಿಯಿರಿ.

ಉತ್ತರಗಳು: (1) 65535 = 3 × 5 × 17 × 257. (3) ಚಕ್ರ 2, 4, 1, ಶೇಷ 1. (4) ಒಂದೂ ಬೇಡ. ಅದರ ಅಪವರ್ತನಗಳು 16ಕ + 1ರ ರೂಪದಲ್ಲಿರಬೇಕು; ಅವುಗಳಲ್ಲಿ ಅತಿ ಚಿಕ್ಕದಾದ 17 ಕೂಡ 257ರ ವರ್ಗಮೂಲಕ್ಕಿಂತ ದೊಡ್ಡದು. ಎರಡನೆಯ ಮತ್ತು ಐದನೆಯ ಲೆಕ್ಕಗಳ ಉತ್ತರ ನಿಮ್ಮ ಕೈಯಲ್ಲಿಯೇ ಇದೆ.